ಉತ್ತಮ ದರ್ಜೆಯ ಕೊಬ್ಬು

ಜೂನ್ ಹನ್ನೊಂದು, ಮಂಗಳವಾರ. ಮೋಡವಿತ್ತು, ಗಾಳಿಯಿರಲಿಲ್ಲ. ಅಂದು ಮೀನಿನ ಗುಣಮಟ್ಟ ಪರೀಕ್ಷಾ ಕಚೇರಿಯು ತನ್ನ ಸಿಬ್ಬಂದಿಯ ರಕ್ತವನ್ನು ಪರೀಕ್ಷಿಸಲು ತೀರ್ಮಾನಿಸಿತು.

ಅದು ಮೀನುಗಾರಿಕೆ ನಿಷೇಧದ ಕಾಲ. ಕೊಬ್ಬು ಅಳೆಯುವ ಯಂತ್ರಕ್ಕೆ ಬಂಗುಡೆ ಮೀನು ಬರುತ್ತಿರಲಿಲ್ಲ. ಯಂತ್ರ ಸುಮ್ಮನೆ ಕೂತರೆ ಮುಂದಿನ ವರ್ಷದ ಅನುದಾನ ತಪ್ಪುತ್ತದೆ. ಸಿಬ್ಬಂದಿಯೂ ಸುಮ್ಮನೆಯೇ ಕೂತಿದ್ದರು. ಅವರಿಗೆ ಅಂಥ ನಿಯಮವಿರಲಿಲ್ಲ.

ಕಚೇರಿಯಲ್ಲಿದ್ದ ಮಾನದಂಡ ಒಂದೇ: ಕೊಬ್ಬು ಹೆಚ್ಚಿದಷ್ಟೂ ದರ್ಜೆ ಹೆಚ್ಚು. ಸ್ಟೋರ್ ಕೀಪರನ ರಕ್ತವನ್ನು ನಳಿಕೆಯಲ್ಲಿ ನಿಲ್ಲಿಸಿದಾಗ ಮೇಲೆ ಹಾಲಿನ ಕೆನೆಯಂಥದ್ದು ಕಟ್ಟಿತು. ‘ಉತ್ತಮ, ರಫ್ತಿಗೆ ಯೋಗ್ಯ’ ಎಂದು ಘೋಷಿಸಿ ಅವನಿಗೆ ಹಾರ ಹಾಕಲಾಯಿತು. ದಿನಾ ನಡೆದೇ ಬರುವ ಟೈಪಿಸ್ಟ್ ‘ಕೋಳಿ ಆಹಾರಕ್ಕೆ ಮಾತ್ರ’ ಎನಿಸಿಕೊಂಡು ರಜೆ ಹಾಕಿದಳು.

ತಿಂಗಳೊಳಗೆ ಸ್ಟೋರ್ ಕೀಪರ್ ಎದೆ ಹಿಡಿದುಕೊಂಡು ಕುಸಿದ. ಮೂರು ರಕ್ತನಾಳ ಕಟ್ಟಿಕೊಂಡಿದ್ದವು. ಮುಂಗಡ ಕಟ್ಟದೆ ಒಂದನ್ನೂ ಮುಟ್ಟುವುದಿಲ್ಲವೆಂದು ಆಸ್ಪತ್ರೆಯವರು ಹೇಳಿದರು. ಹೆಂಡತಿ ಕಚೇರಿಗೆ ಓಡಿದಳು.

ಚಿಕಿತ್ಸೆಗೆ ನೆರವು ಕಳಪೆ ದರ್ಜೆಯವರಿಗೆ ಮಾತ್ರ ಎಂದು ಸಾಹೇಬರು ವಿವರಿಸಿದರು. ಆಕೆ ಡಾಕ್ಟರು ಹೇಳಿದ್ದನ್ನು ಒಪ್ಪಿಸಿದಳು: ಮೀನಿನ ಕೊಬ್ಬು ತಣ್ಣೀರಲ್ಲೂ ಗಟ್ಟಿಯಾಗದು, ಹೃದಯಕ್ಕೆ ಹಿತ, ಗಂಡನ ರಕ್ತದಲ್ಲಿರುವುದು ತಿಂದು ಮಿಕ್ಕ ಸಕ್ಕರೆಯನ್ನು ಯಕೃತ್ತು ಕೊಬ್ಬಾಗಿಸಿ ಸುರಿದದ್ದು. ಎರಡೂ ಒಂದೇ ಅಲ್ಲ.

“ನೋಡಮ್ಮ, ಯಂತ್ರಕ್ಕೆ ಮೀನು, ಮನುಷ್ಯ ಅನ್ನೋ ಭೇದ ಇಲ್ಲ,” ಎಂದರು ಸಾಹೇಬರು. “ನಾವು ಭೇದ ಮಾಡಿದ್ರೆ ಪಕ್ಷಪಾತ ಆಗುತ್ತೆ.”

“ಹಾಗಾದ್ರೆ ಮೀನಿಗೆ ಏನು ಕೊಡ್ತೀರೋ ಅದನ್ನೇ ಕೊಡಿ ಸಾರ್.”

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಉತ್ತಮ ದರ್ಜೆಗೆ ಬೆಂಬಲ ಬೆಲೆ ಇದ್ದೇ ಇತ್ತು. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಅಷ್ಟೆ. ಸಂಜೆಯೊಳಗೆ ಹಣ ಮಂಜೂರಾಯಿತು. ಕಚೇರಿ ಸಿಬ್ಬಂದಿಯನ್ನು ಕೈಬಿಡುವುದಿಲ್ಲವೆಂದು ಎಲ್ಲರೂ ಕೊಂಡಾಡಿದರು. ಟೈಪಿಸ್ಟ್ ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿಸಿಕೊಳ್ಳತೊಡಗಿದಳು, ಅವಳಿಗೂ ಮಕ್ಕಳಿದ್ದರು.

ಆಸ್ಪತ್ರೆಯಲ್ಲಿ ಗಂಡ ಕಣ್ಣು ತೆರೆದು, ಹಣ ಬಂತೇ ಎಂದು ಕೇಳಿದ. ಬಂತು, ಒಂದು ನಾಳದ ಮುಂಗಡಕ್ಕೆ ಸಾಲುತ್ತದೆ, ಉಳಿದೆರಡಕ್ಕೆ ಮುಂದಿನ ನಿಷೇಧದ ಕಾಲದವರೆಗೆ ಕಾಯಬೇಕಂತೆ ಎಂದಳು ಹೆಂಡತಿ.

“ಏನು ದರ ಹಾಕಿದ್ರು?”

“ಕೆಜಿಗೆ ನೂರಿಪ್ಪತ್ತು.”

“ತೊಂಬತ್ತು ಕೆಜಿಗೂ?”

“ಇಲ್ಲಾರೀ. ತಲೆ, ಕರುಳು ಕಳೆದು.”



“ನ್ಯಾಯವೇ ಬಿಡು. ತಲೆಗೆ ಯಾರು ದುಡ್ಡು ಕೊಡ್ತಾರೆ.”