ಒಂದು ಚಮಚ ಪುಂಡಿಪಲ್ಯದ ಕಿಮ್ಮತ್ತು

ಹೆಂಡತಿಗೆ ನಾನು ಹೇಳಿದ ಸುಳ್ಳುಗಳಲ್ಲಿ ತೀರ ಹಳೆಯದಕ್ಕೆ ಈಗ ಇಪ್ಪತ್ತೆರಡು ವರ್ಷ ತುಂಬಿದೆ. ಮದುವೆಯಾದ ಹೊಸತರಲ್ಲಿ ಸುನಂದಾ ಪುಂಡಿಪಲ್ಯ ಮಾಡಿ ಬಡಿಸಿ, ಬಾಗಿಲಿಗೆ ಒರಗಿ ನಿಂತು, "ಹೆಂಗ ಆಗೇತ್ರಿ?" ಅಂದಳು. ಪುಂಡಿ ಅಂದರೆ ಹುಳಿಹುಳಿ ಸೊಪ್ಪು. ಹುಳಿ ಅಂದರೆ ನನಗೆ ಹುಟ್ಟಿನಿಂದಲೂ ಆಗದು. ಆದರೆ ಹೊಸ ಹೆಂಡತಿಯ ಮುಖ ನೋಡುತ್ತ ನಿಜ ಹೇಳುವ ಗಂಡಸು ನಮ್ಮ ಜಮಖಂಡಿಯಲ್ಲಂತೂ ಇನ್ನೂ ಹುಟ್ಟಿಲ್ಲ. "ಭಾರಿ ಛಲೋ ಆಗೇತಿ" ಅಂದುಬಿಟ್ಟೆ. ಅವತ್ತಿನಿಂದ ವಾರಕ್ಕೆ ಮೂರು ದಿನ ನನ್ನ ಡಬ್ಬಿಯಲ್ಲಿ ಪುಂಡಿಪಲ್ಯ. ಅವಳು ಕೇಳುವುದನ್ನು ಬಿಡಲಿಲ್ಲ, ನಾನು ಛಲೋ ಅನ್ನುವುದನ್ನು ಬಿಡಲಿಲ್ಲ. ಉಪ್ಪಿಟ್ಟಿಗೂ ಛಲೋ, ಉಪ್ಪು ಮರೆತ ಸಾರಿಗೂ ಛಲೋ. ಪಾಪ, ತನ್ನ ಕೈಯಡುಗೆ ಖರೇನೇ ಹೇಗಿದೆ ಅನ್ನುವುದು ಅವಳಿಗೆ ತಿಳಿಯುವ ದಾರಿಯೇ ಇರಲಿಲ್ಲ.

ನಾನು ದಿನಾ ಬಸ್ಸಿನಲ್ಲಿ ಮುಧೋಳಕ್ಕೆ ಹೋಗಿ ಬರುವ ಗುಮಾಸ್ತ. ಮಧ್ಯಾಹ್ನ ಕಡತ ಸರಿಸಿ, ಹಳೇ ಪೇಪರು ಹಾಸಿ ಮೂವರು ಡಬ್ಬಿ ಬಿಚ್ಚುತ್ತೇವೆ. ಹಿಪ್ಪರಗಿಯಿಂದ ಬರುವ ಮಹಾದೇವಪ್ಪನದು ಮನೆಯ ಎಮ್ಮೆಯ, ಹುಳಿಯೇ ಇಲ್ಲದ ಮೊಸರು. ಚಮಚ ನೆಟ್ಟರೆ ನೆಟ್ಟಗೆ ನಿಲ್ಲುತ್ತದೆ. ಬನಹಟ್ಟಿಯ ಶಕುಂತಲಾ ಬಾಯಿಯವರದು ಎಣ್ಣಿಗಾಯಿ, ಮಸಾಲೆ ತುಂಬಿದ ಎಳೇ ಬದನೆಕಾಯಿ. ಮೊದಮೊದಲು ಮೂವರೂ ಅವರವರ ಡಬ್ಬಿಗೆ ತಲೆ ಬಗ್ಗಿಸಿ ಉಣ್ಣುತ್ತಿದ್ದೆವು. ಒಂದು ದಿನ ಮಹಾದೇವಪ್ಪ ನನ್ನ ಡಬ್ಬಿಯತ್ತ ಕತ್ತು ಚಾಚಿದ. "ಸರ, ಪುಂಡಿಪಲ್ಯಾ ಏನ್ರಿ? ನಮ್ಮೂರಾಗ ಬರೇ ಕಬ್ಬು ಆಗೇತ್ರಿ, ಪುಂಡಿಸೊಪ್ಪಿನ ಮಾರಿ ನೋಡಿ ಎಷ್ಟ ವರ್ಷ ಆತು. ಒಂದ ಚಮಚ ಕೊಟ್ರ ಅರ್ಧ ಬಟ್ಟಲ ಮೊಸರು ಕೊಡ್ತೇನ್ರಿ."

ಅವನನ್ನು ಅಪ್ಪಿಕೊಳ್ಳಬೇಕು ಅನಿಸಿತು. ತಡೆದುಕೊಂಡು, ಕೊಡಲೋ ಬೇಡವೋ ಅನ್ನುವಂತೆ ಮುಖ ಮಾಡಿದೆ. ಅವನು ಬಟ್ಟಲು ತುಂಬಿಸಿದ! ಪಾಕೀಟು ಹಾಲಿನ ಮೊಸರಿಗೆ ಬೇಸತ್ತಿದ್ದ ಶಕುಂತಲಾ ಬಾಯಿ ಅದರಲ್ಲಿ ಅರ್ಧಕ್ಕೆ ಒಂದು ಎಣ್ಣಿಗಾಯಿ ಕೊಟ್ಟರು. ಎಮ್ಮೆ ಹಾಲು ಕಡಿಮೆ ಮಾಡಿದ ವಾರ ಅದೇ ಬಟ್ಟಲಿಗೆ ಎರಡು ಚಮಚ ಪಲ್ಯವಾಯಿತು. ಬದನೆಕಾಯಿ ತುಟ್ಟಿಯಾದಾಗ ಒಂದು ಎಣ್ಣಿಗಾಯಿಗೆ ಇಡೀ ಬಟ್ಟಲು. ನಿಜ ಹೇಳುತ್ತೇನೆ, ನನಗೆ ಮೈ ಜುಮ್ಮೆಂದಿತು. ಅವೇ ಮೂರು ಡಬ್ಬಿ. ಯಾರ ಮನೆಯಲ್ಲೂ ಒಂದು ಕಾಳು ಹೆಚ್ಚಿಗೆ ಬೆಂದಿಲ್ಲ. ಆದರೂ ಮೂವರೂ ನಿನ್ನೆಗಿಂತ ಚೆನ್ನಾಗಿ ಉಂಡು ಏಳುತ್ತಿದ್ದೇವೆ! ಸುತ್ತೋಲೆಯಿಲ್ಲ, ಸಭೆಯಿಲ್ಲ, ಮೇಲಿನವರ ಸಹಿಯಿಲ್ಲ. ಸಹಿಯಿಲ್ಲದೆ ಒಂದು ಕೆಲಸ ಆದದ್ದನ್ನು ನನ್ನ ನೌಕರಿಯಲ್ಲಿ ನಾನು ನೋಡಿದ್ದು ಅದೇ ಮೊದಲು.

ಸುಮ್ಮನೆ ಉಣ್ಣಬೇಕಿತ್ತು. ಆದರೆ ಗುಮಾಸ್ತನ ಬುದ್ಧಿ ಎಲ್ಲಿ ಹೋದೀತು? ಇದಕ್ಕೊಂದು ಶಿಸ್ತು ಬೇಡವೇ ಅಂತ, ಮೂವರಲ್ಲಿ ಹಿರಿಯನಾದ ನಾನು ಒಂದು ಕಾನೂನು ಮಾಡಿದೆ. ಎಲ್ಲವನ್ನೂ ನಡುವೆ ಸುರಿಯುವುದು, ಮೂರು ಸಮಪಾಲು. ನನ್ನ ಪಾಲಿಗೆ ಪುಂಡಿಪಲ್ಯವೂ ಬಂತು. ಕಣ್ಣು ಮುಚ್ಚಿ ನುಂಗಿದೆ. ಮಹಾದೇವಪ್ಪ ತನಗೆ ಬೇಡದ ಬದನೆಕಾಯಿಯನ್ನು ಅಂಚಿಗೆ ತಳ್ಳಿದ. ನಾಲ್ಕನೇ ದಿನ, ಹೇಗೂ ಹಂಚಿಹೋಗುತ್ತದಲ್ಲ ಅಂತ, ಮೂರೂ ಡಬ್ಬಿಯಲ್ಲಿ ಬರೀ ರೊಟ್ಟಿ, ಒಣಚಟ್ನಿ. "ಸರ, ನಿಮ್ಮ ಕಾನೂನಿಗೆ ಕೈ ಮುಗಿತೇನ್ರಿ, ಬಿಟ್ಟಬಿಡ್ರಿ" ಅಂದರು ಶಕುಂತಲಾ ಬಾಯಿ. ಐದನೇ ದಿನ ಪೇಟೆ ಮತ್ತೆ ತೆರೆಯಿತು.

ಹೀಗೆ ಸುಖವಾಗಿದ್ದಾಗ, ಒಂದು ರವಿವಾರ ಸಂತೆಗೆಂದು ಜಮಖಂಡಿಗೆ ಬಂದ ಮಹಾದೇವಪ್ಪ ಮೊಸರಿನ ಗಡಿಗೆ ಹಿಡಿದು ನಮ್ಮ ಮನೆಗೇ ಬಂದುಬಿಟ್ಟ. "ಅಕ್ಕಾರ, ನಿಮ್ಮ ಪುಂಡಿಪಲ್ಯಾದ ಋಣ ದೊಡ್ಡದೈತ್ರಿ. ಸರ ಒಂದ ತುತ್ತೂ ತಿನ್ನಂಗಿಲ್ಲ, ಚಮಚಕ್ಕ ಇಷ್ಟ ಅಂತ ಮೊಸರು ತಗೊಂಡು ಎಲ್ಲಾ ನನಗs ಕೊಡ್ತಾರ."

ಸುನಂದಾ ನನ್ನನ್ನು ನೋಡಿದಳು. ಆಮೇಲೆ ಅವನನ್ನು ಕೇಳಿದಳು, "ಒಂದ ಚಮಚಕ್ಕ ಎಷ್ಟ ಮೊಸರ ಕೊಡ್ತೀಯಪಾ?" ಅವನು ಗಡಿಗೆಯ ಮೇಲೆ ಮುಚ್ಚಿದ್ದ ಬಟ್ಟಲು ತೋರಿಸಿದ. ಅವಳು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ನನ್ನ ಅಷ್ಟೂ ವರ್ಷದ ಹೊಗಳಿಕೆಗೆ ಅರಳದ ಮುಖ ಆ ಖಾಲಿ ಬಟ್ಟಲಿಗೆ ಅರಳಿತು. ನನಗೆ ನಾಚಿಕೆಯಾಯಿತು, ಹೊಟ್ಟೆಕಿಚ್ಚೂ ಆಯಿತು. ಅವನು ಹೋದ ಮೇಲೆ, "ಸೇರಂಗಿಲ್ಲಂತ ಅವತ್ತs ಹೇಳಿದ್ರ ನಾ ಏನ ನಿಮ್ಮನ್ನ ನುಂಗತಿದ್ನೇನು?" ಅಂದಳು.

ಮರುದಿನದಿಂದ ಎರಡು ಡಬ್ಬಿ. ಪುಂಡಿಪಲ್ಯದ್ದು ನೇರ ಮಹಾದೇವಪ್ಪನಿಗೆ; ಅದಕ್ಕೆ ಬರುವ ಮೊಸರು ನೇರ ಸುನಂದಾಗೆ. ನಡುವೆ ಹೊರುವವನು ನಾನು. ನನ್ನ ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. ಅದು ಎಲ್ಲರ ಮನೆಯಲ್ಲೂ ಇರುವುದರಿಂದ ಯಾರೂ ಕೇಳುವುದಿಲ್ಲ.

ಮುಂದಿನ ರವಿವಾರ ಉಣ್ಣಲು ಕೂತು, "ಮೊಸರು ಭಾರಿ ಛಲೋ ಐತಿ, ಇನ್ನೊಂದಿಷ್ಟು ಹಾಕು" ಅಂದೆ.

"ಛಲೋ ಅನ್ನಾಕ ನಿಮಗ ಏನ ಖರ್ಚೈತ್ರಿ? ಮೊಸರಿಗೆ ಏನ ಕೊಡ್ತೀರಿ, ಅದ ಹೇಳ್ರಿ" ಅಂದಳು.

ಸುತ್ತ ನೋಡಿದೆ. ಕೊಡುವಂಥದ್ದು ನನ್ನ ಹತ್ತಿರ ಏನೂ ಇರಲಿಲ್ಲ. ಮೂಲೆಯಲ್ಲಿ ಮರುದಿನಕ್ಕೆಂದು ತಂದ ಪುಂಡಿಸೊಪ್ಪಿನ ಸೂಡು, ಅಂದರೆ ಕಟ್ಟುಗಳಿದ್ದವು. ಎಳೆದುಕೊಂಡು ಎಲೆ ಬಿಡಿಸತೊಡಗಿದೆ. ಎರಡು ಸೂಡು ಮುಗಿದ ಮೇಲೆ ಬಟ್ಟಲಿಗೆ ಎರಡು ಚಮಚ ಮೊಸರು ಬಿತ್ತು. ದರ ವಿಪರೀತವಾಯಿತು ಅನಿಸಿತು. ಚಪ್ಪರಿಸಿ ತಿಂದು, ಯಾರೂ ಹೇಳದೆ ಮೂರನೇ ಸೂಡಿಗೆ ಕೈ ಹಾಕಿದೆ.