ಎಲ್ಲರಿಗೂ ಒಂದೇ ಡಬ್ಬಿ

ಶರಣಕುಮಾರನ ತಪ್ಪು ಒಂದೇ ಸಾಲಿನದು. ಆದರೆ ಆ ಸಾಲು ಆಳಂದದ ಇಡೀ ವಧು-ವರ ಮೇಳವನ್ನು ಬುಡಮೇಲು ಮಾಡಿತು.

ಡಿಪ್ಲೊಮಾ ಕಾಲೇಜಿನಲ್ಲಿ ಜಾವಾ ಕಲಿಸುವ ಅವನಿಗೆ, ಮೇಳ ನಡೆಸುವ ಕಸ್ತೂರಿಬಾಯಿ ಅತ್ತೆ ಒಂದು ಪ್ರೋಗ್ರಾಂ ಬರೆದುಕೊಡೆಂದು ಗಂಟುಬಿದ್ದಿದ್ದಳು. ಮೆಚ್ಚಿದವರ ಹೆಸರನ್ನು ಫೋನಿನಲ್ಲಿ ಒತ್ತಿದರೆ, ಅವರೂ ನಿಮ್ಮನ್ನೇ ಮೆಚ್ಚಿದ್ದಾರೋ ಇಲ್ಲವೋ ಸರ್ವರ್ ಹೇಳಬೇಕು. ಸರ್ವ್ಲೆಟ್ ಎಂಬ ಜಾವಾ ಪ್ರೋಗ್ರಾಂ ಇರುವುದೇ ಇದಕ್ಕೆ. ಪಂಕ್ತಿಯಲ್ಲಿ ಬಡಿಸುವವನಂತೆ ಒಂದೇ ಪ್ರೋಗ್ರಾಂ ಎಲ್ಲರ ಕೋರಿಕೆ ಕೇಳಿ, ಕೇಳಿದವರಿಗೇ ಉತ್ತರ ಮುಟ್ಟಿಸುತ್ತದೆ. ಅದಕ್ಕೆ ಪ್ರತಿಯೊಬ್ಬರ ಹೆಸರಿಗೂ ಬೇರೆ ಡಬ್ಬಿ ಬೇಕು. ಶರಣಕುಮಾರ ಅವಸರದಲ್ಲಿ ಎಲ್ಲರಿಗೂ ಒಂದೇ ಡಬ್ಬಿ ಇಟ್ಟಿದ್ದ.

ಬೆಳಿಗ್ಗೆ ಮಂದಿ ಸೇರುವ ಮೊದಲೇ, ಅವನು ಅಫಜಲಪುರದ ಶಿಕ್ಷಕಿ ಸುಮಂಗಲಾಳ ಹೆಸರು ಒತ್ತಿದ. ಒಂದು ತರಬೇತಿಯಲ್ಲಿ ಕಂಡಾಗಿನಿಂದ ಅವಳೇ ಮನಸ್ಸಿನಲ್ಲಿದ್ದಳು. 'ಒಪ್ಪಿಗೆ ಇದೆ' ಎಂದು ಬಂತು! ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ಬಂದಾಗ ಮಂಟಪ ತುಂಬಿತ್ತು. ಎಲ್ಲರೂ ಒಟ್ಟಿಗೇ ಒತ್ತಿದರು. ಒಂದೇ ಡಬ್ಬಿಯಲ್ಲಿ ಹೆಸರಿನ ಮೇಲೆ ಹೆಸರು ಬಿದ್ದು, ಇವರ ಉತ್ತರ ಅವರಿಗೆ ಹೋಯಿತು.

"ಏ ಮಾಸ್ತರ!" ಕಿಣ್ಣಿ ಸುಲ್ತಾನ ಹಳ್ಳಿಯ ದೊಡ್ಡಪ್ಪ ಎಂಬಾತ ಕೂಗಿದ. "ನನ್ನ ಮಗನ ಸಲುವಾಗಿ ಹುಡುಗಿ ಕೇಳಿದ್ರ, ಜೇವರ್ಗಿ ಹುಲೆಪ್ಪ ಒಪ್ಪ್ಯಾನಂತ ತೋರಸ್ತದಲ್ಲ!"

"ಲೇ ಶರಣ್ಯಾ, ಮಂದಿ ನನ್ನ ಸೀರಿ ಹಿಡಿದು ಜಗ್ಗಾಕತ್ತಾರ, ಏನ್ ಮಾಡಿದಿ?" ಎಂದಳು ಕಸ್ತೂರಿಬಾಯಿ.

ಶರಣಕುಮಾರನಿಗೆ ತಪ್ಪು ಹೊಳೆಯಿತು. ಹಾಗಾದರೆ ಬೆಳಗಿನ ತನ್ನ ಉತ್ತರವೂ ಬೇರೆ ಯಾರದೋ? ಸುಮ್ಮನಿದ್ದರೆ ಸುಮಂಗಲಾ ಸಿಗುತ್ತಾಳೆ. ಆದರೆ ಅವಳನ್ನು ಮೋಸದಿಂದ ಕಟ್ಟಿಕೊಳ್ಳಲು, ಪಾಪ, ಅವನಿಗೆ ಮನಸ್ಸಾಗಲಿಲ್ಲ.

ಮೈಕು ಹಿಡಿದ. "ತಪ್ಪು ನಂದೇ ಅದರಿ. ಇಲ್ಲೀತನಕ ಬಂದ ಯಾವ ಉತ್ತರಾನೂ ನಂಬಬ್ಯಾಡ್ರಿ. ಸರಿ ಮಾಡ್ತೇನಿ, ಮತ್ತ ಒತ್ರಿ."

ಡಬ್ಬಿಗಳನ್ನು ಬೇರೆ ಮಾಡಿದ. ಎಲ್ಲರೂ ಮತ್ತೆ ಒತ್ತಿದರು. ದೊಡ್ಡಪ್ಪನ ಮಗನಿಗೆ ಹುಡುಗಿಯೇ ಸಿಕ್ಕಳು. ಕೊನೆಗೆ ಶರಣಕುಮಾರ ತಾನೂ ಸುಮಂಗಲಾಳ ಹೆಸರು ಒತ್ತಿದ. 'ಒಪ್ಪಿಗೆ ಇಲ್ಲ.'

ಬೆಳಗಿನದು ಸುಳ್ಳೇ ಎಂದುಕೊಂಡು ವೈರು ಸುತ್ತುತ್ತಿದ್ದಾಗ ಸುಮಂಗಲಾ ಎದುರು ಬಂದು ನಿಂತಳು. ಕಣ್ಣು ತೇವವಾಗಿತ್ತು.

"ಕರೆಂಟ್ ಹೋಗೂಕಿಂತ ಮೊದಲೇ ನಾ ನಿಮ್ಮ ಹೆಸರು ಒತ್ತಿದ್ದೆರಿ. ಸ್ವಲ್ಪ ಹೊತ್ತಿನ ಮ್ಯಾಲ ನೀವೂ ಒಪ್ಪೀರಂತ ಬಂದಿತ್ತು. ಆಮ್ಯಾಲ ನೀವೇ ನಂಬಬ್ಯಾಡ್ರಿ ಅಂದ್ರಿ. ಅದಕ್ಕ ನಾ ಆ ಉತ್ತರಾ ನಂಬಲಿಲ್ಲ. ಅವ್ವ ಅಂದಂಗ ಹುಲೆಪ್ಪನ ಹೆಸರು ಒತ್ತಿದೆ. ಅವರು ಒಪ್ಪ್ಯಾರ."

ಆ ಹೊತ್ತಿನಲ್ಲಿ ಒತ್ತಿದವರು ಅವರಿಬ್ಬರೇ, ಅದೂ ಒಬ್ಬರಾದ ಮೇಲೊಬ್ಬರು. ಹಾಗೆ ಒತ್ತಿದಾಗ, ಡಬ್ಬಿ ಒಂದೇ ಆದರೂ, ಆ ಪ್ರೋಗ್ರಾಂ ಎಂದೂ ತಪ್ಪುತ್ತಿರಲಿಲ್ಲ ಎಂಬುದು ಶರಣಕುಮಾರನಿಗೆ ಈಗ ನೆನಪಾಯಿತು.

ಅತ್ತ ಹುಲೆಪ್ಪನ ಕಡೆಯವರು ಪೇಡೆ ಹಂಚತೊಡಗಿದ್ದರು. ಕಸ್ತೂರಿಬಾಯಿ ಒಂದನ್ನು ತಂದು ಅವನ ಬಾಯಿಗೇ ಇಟ್ಟಳು.

"ಈಗ ಭಾಳ ಛಲೋ ನಡ್ಯಾಕತ್ತದ ನೋಡಪ್ಪ ನಿನ್ನ ಪ್ರೋಗ್ರಾಂ!"