ಸೊಂಟದಲ್ಲಿ ಡಾಬು, ಹೊಟ್ಟೆಯಲ್ಲಿ ಕೂಸು

ತಕ್ಕಡಿ ಸುಳ್ಳು ಹೇಳುವುದಿಲ್ಲ ಎನ್ನುವವರು ಬೆಲ್ಲದ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದವರಲ್ಲ. ನಾನು ಬಂದವಳು. ಇಚಲಕರಂಜಿಯಲ್ಲಿ ನನ್ನ ಮಾವನವರ ಅಂಗಡಿ; ಬೆಲ್ಲದ ಜೊತೆಗೆ ಗೋಣಿತಟ್ಟನ್ನೂ ತೂಗಿ, ಆಮೇಲೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂರುವ ಮನೆತನ. ಹೊಸ ಪೈಸೆ ಬಂದ ಹೊಸತರಲ್ಲಿ ನಾನು ಚೊಚ್ಚಲ ಬಸುರಿಯಾದೆ. ನನ್ನ ತೂಕವೂ ಆ ಬೆಲ್ಲದ ದಾರಿಯನ್ನೇ ಹಿಡಿದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ನಮ್ಮ ಅತ್ತೆಯವರ ಸಿದ್ಧಾಂತ ಒಂದೇ. “ಕೂಸು ದೊಡ್ಡದಾದ್ರ ಹಡಿಯಾಕ ಭಾಳ ತ್ರಾಸ ಆಕ್ಕೈತಿ. ಹೊಟ್ಟ್ಯಾಗ ಸಣ್ಣದಿರಲಿ, ಹೊರಗ ಬಂದ ಮ್ಯಾಲ ಬೆಳಸೂಣು.” ಹೀಗಾಗಿ ನಾಲ್ಕು ತಿಂಗಳಿಗೆ ಹಾಲು ನಿಂತಿತು, ಐದಕ್ಕೆ ಅನ್ನ ನಿಂತಿತು, ಎರಡು ರೊಟ್ಟಿ ಒಂದಾಗಿ, ಒಂದು ಅರ್ಧವಾಯಿತು. ಆಜರಾ ಅಕ್ಕಿಯ ಅನ್ನದ ಘಮ ಪಡಸಾಲೆಗೆ ಬಂದರೆ ನನಗೆ ಬಾಯಲ್ಲೂ ನೀರು, ಕಣ್ಣಲ್ಲೂ ನೀರು. ನೆಂಟರು ಬಯಕೆಯ ಬುತ್ತಿ ಕಟ್ಟಿಕೊಂಡು ಬಂದರು: ಹೋಳಿಗೆ, ಕರ್ಜಿಕಾಯಿ, ನಮೂನೆ ನಮೂನೆಯ ಉಂಡಿ. ಬಸುರಿಯ ಹೆಸರಿನಲ್ಲಿ ಬಂದದ್ದನ್ನು ಬಸುರಿಯೊಬ್ಬಳನ್ನು ಬಿಟ್ಟು ಇಡೀ ಮನೆ ತಿಂದಿತು. ನನ್ನ ಗಂಡನಿಗಂತೂ ಅಂಗಿಯ ಗುಂಡಿ ಕೂಡದಂತಾಯಿತು. “ನಿನ್ನ ಬಸುರು ನನಗ ಚಲೋ ಹೊಂದೇತಿ ನೋಡು” ಎಂದು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ತವರಿಗೆ ಹೋಗಿ ಹೊಟ್ಟೆ ತುಂಬ ಉಣ್ಣೋಣವೆಂದರೆ ನನ್ನೂರು ಅಕಿವಾಟದಲ್ಲಿ ತಾಯಿ ಬದುಕಿರಲಿಲ್ಲ. ಅಣ್ಣನ ಹೆಂಡತಿಯ ಕೈ ಅತ್ತೆಯ ಕೈಗಿಂತ ಬಿಗಿ.

ಊರಿನ ದವಾಖಾನೆಗೆ ಆಗಷ್ಟೇ ಬಂದಿದ್ದ ಡಾಕ್ಟರಬಾಯಿ ತಿಂಗಳಿಗೊಮ್ಮೆ ಬಸುರಿಯರನ್ನು ತೂಕದ ಕಾಟಾದ ಮೇಲೆ ನಿಲ್ಲಿಸಿ ಚೀಟಿಯಲ್ಲಿ ಬರೆಯುತ್ತಿದ್ದರು. ನನ್ನ ಮುಳ್ಳು ಎರಡು ತಿಂಗಳು ನಿಂತಲ್ಲೇ ನಿಂತಿತು. ಅವರು ಅತ್ತೆಯತ್ತ ತಿರುಗಿ, ಹಾಲು ಕೊಡಿ, ಬೇಳೆ ಕೊಡಿ, ಮುಂದಿನ ಸಲ ತೂಕ ಏರದಿದ್ದರೆ ಇವಳನ್ನು ಇಲ್ಲೇ ಇಟ್ಟುಕೊಂಡು ಉಣಿಸುತ್ತೇನೆ ಎಂದು ಮರಾಠಿಯಲ್ಲಿ ಝಾಡಿಸಿದರು. ನಾಲ್ಕು ಮಂದಿಯೆದುರು ಮನೆತನದ ಮಾನ ಹೋಯಿತು. “ಸೊಸಿಗೆ ಕೂಳ ಹಾಕೂದಿಲ್ಲ ಅಂತ ಊರ ತುಂಬ ಆತಲ್ಲ!” ಎಂದು ಅತ್ತೆ ದಾರಿಯುದ್ದಕ್ಕೂ ಗೊಣಗಿದರು. ಮರುತಿಂಗಳು ಹೊರಡುವಾಗ ಪೆಟ್ಟಿಗೆ ತೆಗೆದು, ಅವರ ಅತ್ತೆಯ ಕಾಲದ ಬೆಳ್ಳಿಯ ಡಾಬನ್ನು ನನ್ನ ಕೈಗಿಟ್ಟು, “ಸೀರಿ ಒಳಗ ಕಟ್ಟಿಕೋ. ಕಾಣಬಾರದು” ಎಂದರು.

ನಿಜ ಹೇಳಲೇ? ನಾನು ಬೇಡವೆನ್ನಲಿಲ್ಲ. ಮದುವೆಯಾದಾಗಿನಿಂದ ಆ ಡಾಬಿನ ಮೇಲೆ ನನ್ನ ಕಣ್ಣಿತ್ತು, ಮುಟ್ಟಲೂ ಕೊಟ್ಟಿರಲಿಲ್ಲ. ಅದು ಸೊಂಟಕ್ಕೆ ಬಂದ ಹಿಗ್ಗಿನಲ್ಲಿ ಹಸಿವನ್ನೇ ಮರೆತೆ, ಹುಚ್ಚಿ! ಆದರೆ ತೂಕ ತಿಂಗಳು ತಿಂಗಳೂ ಏರಬೇಕಲ್ಲ? ಎಂಟನೆಯ ತಿಂಗಳಿಗೆ ಕಾಲಿಗೆ ದಪ್ಪ ಕಡಗ ಬಂದವು. ಒಂಬತ್ತಕ್ಕೆ ಅಂಗಡಿಯ ತೂಕದ ಕಲ್ಲೊಂದು ಸೀರೆಯ ಗಂಟು ಸೇರಿತು. ಒಳಕೋಣೆಯಲ್ಲಿ ಹೊಟ್ಟೆ ಮುಟ್ಟಿ ನೋಡುವ ಮೊದಲು ಎಲ್ಲವನ್ನೂ ಬಿಚ್ಚಿ ಅತ್ತೆಯ ಚೀಲಕ್ಕೆ ಇಳಿಸುವಷ್ಟು ಕೈಚಳಕ ನನಗೆ ಬಂದುಬಿಟ್ಟಿತ್ತು.

ಡಾಕ್ಟರಬಾಯಿ “ಶಾಬಾಸ!” ಎಂದು ಉಳಿದ ಬಸುರಿಯರಿಗೆ ನನ್ನನ್ನೇ ತೋರಿಸಿದರು. ಕೊರೋಚಿಯ ಮಗ್ಗದ ಕೆಲಸದವನ ಹೆಂಡತಿಯೊಬ್ಬಳು ಪಕ್ಕಕ್ಕೆ ಬಂದು, “ಏನ ತಿಂತೀರಿ ಅಕ್ಕಾರ? ನನಗಷ್ಟ ಹೇಳ್ರಿ” ಎಂದಳು. ನಾನು ಗತ್ತಿನಿಂದ, “ಮುಂಜಾನೆ ಹಾಲು ಖಾರೀಕ, ಮ್ಯಾಲ ಎರಡು ತುಪ್ಪದ ಉಂಡಿ” ಎಂದೆ. “ಖಾರೀಕ ನಮಗ ಎಲ್ಲಿ ಬರಬೇಕ್ರಿ” ಎಂದಳು ಅವಳು, ಉತ್ತತ್ತಿಯ ಬೆಲೆ ನೆನೆದು. ಅರ್ಧ ರೊಟ್ಟಿ ತಿಂದು ಬಂದಿದ್ದ ನಾನು ಅವಳಿಗೆ ಒಂದು ದಿನವೂ ಹಾಲು ತಪ್ಪಿಸಬಾರದೆಂದು ಬುದ್ಧಿಯನ್ನೂ ಹೇಳಿದೆ.

ಹೆರಿಗೆ ಸುಲಭವಾಗಲಿಲ್ಲ. ಎರಡು ದಿನ ಹಿಡಿಯಿತು. ತ್ರಾಣವೇ ಇರಲಿಲ್ಲ ನನ್ನಲ್ಲಿ. ಹುಟ್ಟಿದ ಮಗಳನ್ನು ಬರಿಮೈಯಲ್ಲಿ ತೂಗಿದರು. ನಾಲ್ಕು ಪೌಂಡು ತುಂಬಲಿಲ್ಲ. ಡಾಕ್ಟರಬಾಯಿ ನನ್ನ ಚೀಟಿ ನೋಡಿದರು, ಕೂಸನ್ನು ನೋಡಿದರು, ಮತ್ತೆ ಚೀಟಿ ನೋಡಿದರು. ಖರೇ ಹೇಳು, ಹೊಟ್ಟೆತುಂಬ ಉಣ್ಣುತ್ತಿದ್ದೆಯೋ ಇಲ್ಲವೋ ಎಂದು ಕೇಳಿದರು. ಅತ್ತೆ ತಲೆದಿಂಬಿನ ಹತ್ತಿರವೇ ನಿಂತಿದ್ದರು.

“ಹೌದ್ರಿ, ಹೊಟ್ಟಿ ತುಂಬ ಉಂಡೇನ್ರಿ” ಎಂದೆ.

ಹಾಗಾದರೆ ದೋಷ ಕೂಸಿನಲ್ಲೇ ಇರಬೇಕೆಂದು ಅವರು ಬರೆದುಕೊಂಡರು. ಅತ್ತೆ ಕೂಸಿನ ಕಡೆ ನೋಡಿ, “ಅವ್ವ ಅಷ್ಟ ತಿಂದದ್ದೆಲ್ಲ ಎಲ್ಲಿ ಇಟ್ಟತೋ ಇದು!” ಎಂದರು. ಹುಟ್ಟಿ ಇನ್ನೂ ಒಂದು ದಿನವಾಗದ ಕೂಸು ಏನು ಹೇಳೀತು? ಹೇಳಬೇಕಾದವಳು ನಾನು. ಗೋಡೆಯ ಕಡೆ ಹೊರಳಿ ಮಲಗಿದೆ.

ಈಗ ಅವಳಿಗೆ ಎಂಟು ವರ್ಷ. ಅತ್ತೆ ತೀರಿಕೊಂಡು ಎರಡು ವರ್ಷವಾಯಿತು, ನಾನಿನ್ನು ಯಾರಿಗೂ ಹೆದರಬೇಕಾಗಿಲ್ಲ. ಮೊನ್ನೆ ಶಾಲೆಯಲ್ಲಿ ಕಲಿಸುವ ಬಾಯಿಯವರು, ಹುಡುಗಿ ಯಾಕೆ ಇಷ್ಟು ಬಡಕಲು ಎಂದು ಕೇಳಿದರು. ಮಗಳು ನನ್ನ ಸೆರಗು ಹಿಡಿದು, ನಾನೇನು ಹೇಳುತ್ತೇನೋ ಎಂದು ಮುಖವನ್ನೇ ನೋಡುತ್ತಿದ್ದಳು.

“ಏನ ಮಾಡೂದ್ರಿ ಬಾಯಾರ” ಎಂದೆ, “ಇಕಿ ಹುಟ್ಟಾ ಹಂಗ ಅದಾಳ. ಏನ ತಿಂದ್ರೂ ಮೈಗೆ ಹತ್ತೂದಿಲ್ಲ.”